ಅಜ್ಜಿಯ ನೆನಪಿಗೆ ಸುಗಂಧರಾಜದ ಗಡ್ಡೆ

ಸಭೆಗೆ ಸೇರಿದ ಮನೆಯಲ್ಲಿ ಅಜ್ಜಿಯು ಕರ್ತನಲ್ಲಿ ನಿದ್ರೆಹೋದಾಗ ನೆರೆಯವರು, “ಶ್ರಾದ್ಧವಿಲ್ಲ, ಎಡೆಯಿಲ್ಲ, ನೀವು ಹಿರಿಯರನ್ನು ಮರೆತವರು” ಎಂದು ಹಳಿಯುವದುಂಟು. ಈ ಮಾತು ಎದೆಗೆ ನಾಟುತ್ತದೆ. ಸತ್ತವರಿಗೆ ಎಡೆಯಿಡುವದನ್ನು ನಾವು ಬಿಟ್ಟದ್ದು ಸರಿಯೇ. ಆದರೆ ಅವರನ್ನು ನೆನಸುವದನ್ನೂ ಬಿಡಬೇಕೆಂದು ದೇವರ ವಾಕ್ಯವು ಎಲ್ಲಿಯೂ ಹೇಳಲಿಲ್ಲ. ಪೌಲನು ತಿಮೊಥೆಯನಿಗೆ ಬರೆದ 2ನೆಯ ಪತ್ರಿಕೆಯ 1ನೆಯ ಅಧ್ಯಾಯದಲ್ಲಿ ಅವನ ಅಜ್ಜಿಯಾದ ಲೋವಿಯನ್ನು ಹೆಸರೆತ್ತಿ ನೆನಸಿದನಲ್ಲವೇ? ಯೆಹೋಶುವನು ಯೊರ್ದನಿನಿಂದ 12 ಕಲ್ಲುಗಳನ್ನು ಎತ್ತಿಸಿ ನಿಲ್ಲಿಸಿದ್ದೂ ಮಕ್ಕಳು ನೋಡಿ ಕೇಳಲೆಂದೇ.

ಆದದರಿಂದ ಅಂಗಳದಲ್ಲಿ ಸುಗಂಧರಾಜದ ಗಡ್ಡೆಗಳನ್ನು ನೆಡಿರಿ. ಮಳೆಗಾಲಕ್ಕೆ ಮುಂಚೆ, ಬಿಸಿಲು ಬೀಳುವ ಸ್ಥಳದಲ್ಲಿ, ಕಳಿತ ಸಗಣಿಗೊಬ್ಬರ ಬೆರಸಿದ ಮಣ್ಣಿನಲ್ಲಿ, 2 ಅಂಗುಲ ಆಳಕ್ಕೆ, ಗೇಣಿಗೊಂದರಂತೆ ಇಟ್ಟರೆ ಸಾಕು. ನೀರು ನಿಂತರೆ ಗಡ್ಡೆಯು ಕೊಳೆಯುವದು. ಮೂರು ನಾಲ್ಕು ತಿಂಗಳಲ್ಲಿ ಬಿಳೀ ಹೂಗಳು ಅರಳುವವು. ಸಾಯಂಕಾಲದ ಪ್ರಾರ್ಥನೆಯ ಹೊತ್ತಿಗೆ ಪರಿಮಳವು ಹೆಚ್ಚುವದು.

ಇದರಲ್ಲಿ ಒಂದು ವಿಶೇಷವುಂಟು. ಒಮ್ಮೆ ಹೂಬಿಟ್ಟ ಗಡ್ಡೆಯು ತಿರಿಗಿ ಹೂಬಿಡದು. ಅದರ ಮಗ್ಗುಲಲ್ಲಿ ಹುಟ್ಟಿದ ಮರಿಗಡ್ಡೆಗಳೇ ಮುಂದೆ ಹೂಬಿಡುವವು. ಲೋವಿಯಲ್ಲಿದ್ದ ನಂಬಿಕೆಯು ಯೂನೀಕೆಯಲ್ಲಿಯೂ ಆಮೇಲೆ ತಿಮೊಥೆಯನಲ್ಲಿಯೂ ಕಾಣಬಂತು. ಮಗುವು ಈ ಗಿಡವೇಕೆಂದು ಕೇಳಿದರೆ ಅಜ್ಜಿಯ ಪ್ರಾರ್ಥನೆಯನ್ನೂ ದುಡಿಮೆಯನ್ನೂ ಹೇಳಿರಿ. ಆಕೆಯ ಸಿಟ್ಟನ್ನೂ ಮರೆಮಾಡಬೇಡಿರಿ, ಯಾಕಂದರೆ ಮಕ್ಕಳಿಗೆ ಅದು ಮೊದಲೇ ಗೊತ್ತು. ಹೂವನ್ನು ಮಾತ್ರ ಸಮಾಧಿಯ ಮುಂದಿಟ್ಟು ಕೈಮುಗಿಯಬಾರದು. ಅದು ಹಳೇ ದಾರಿ.

ಮೂರನೆಯ ವರುಷದಲ್ಲಿ ಗುಂಪು ದಟ್ಟವಾಗುವದು. ಆಗ ಅಗೆದು ಬಿಡಿಸಿ, ನಿಮ್ಮನ್ನು ಹಳಿದ ನೆರೆಮನೆಗೂ ನಾಲ್ಕು ಗಡ್ಡೆಗಳನ್ನು ಕೊಡಿರಿ.