ಫ್ಯಾನಿನಲ್ಲಿ ಉಳಿಸಿ ಮಂಟಪದಲ್ಲಿ ಸುರಿಯುವುದು

ಅಕ್ಕಾ,

ನನಗೆ 46 ವರ್ಷ. ಕತಗಾಲದ ಹತ್ತಿರ ನಮ್ಮದು ಒಂದೂಕಾಲು ಎಕರೆ ಅಡಿಕೆ ತೋಟ. ಮನೆಯಲ್ಲಿ ಯಜಮಾನರು, ಅತ್ತೆ, ಪಿಯುಸಿ ಓದುವ ಮಗ. ಮಗಳು ಬೆಂಗಳೂರಿನಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಅವಳ ಮದುವೆ ದೀಪಾವಳಿ ಕಳೆದ ಮೇಲೆ ಎಂದು ನಿಶ್ಚಯವಾಗಿದೆ. ಮೂರು ವರ್ಷದಿಂದ ಅಟ್ಟದ ಮೇಲಿದ್ದ ಚಾಲಿ ಅಡಿಕೆಯನ್ನೆಲ್ಲ ಕೊಟ್ಟು ಒಂಬತ್ತು ಲಕ್ಷದ ಹತ್ತಿರ ಬಂದಿದೆ. ಅದರಲ್ಲಿ ಎಂಟು ಲಕ್ಷ ಮದುವೆಗೇ ಬೇಕು ಅಂತಾರೆ ಇವರು. ಕುಮಟೆಯಲ್ಲಿ ದೊಡ್ಡ ಮಂಟಪ, ಸಾವಿರ ಜನರಿಗೆ ಊಟ, ಡ್ರೋನ್ ಕ್ಯಾಮೆರಾ, ಮಾರನೇ ದಿನ ರಿಸೆಪ್ಷನ್.

ಇದೇ ಮನುಷ್ಯ ಮನೆಯೊಳಗೆ ಫ್ಯಾನ್ ತಿರುಗಿದರೆ ಎದ್ದು ಬಂದು ಆರಿಸುತ್ತಾರೆ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ‘ಮಳೆಗಾಲ ಕಳೀಲಿ’ ಅನ್ನುತ್ತಲೇ ಎರಡು ಮಳೆಗಾಲ ಕಳೆದವು. ವಾಷಿಂಗ್ ಮೆಷಿನ್ ಕೇಳಿದರೆ ‘ಬಟ್ಟೆ ಒಗೆಯೋ ಕಲ್ಲು ಇನ್ನೂ ಸವೆದಿಲ್ವಲ್ಲ’ ಎಂದು ನಗುತ್ತಾರೆ. ಹೋದ ವರ್ಷ ಮರ ಏರುವ ಕೊನೆಗೌಡನ ಮಜೂರಿ ಹೆಚ್ಚಿತೆಂದು ಎರಡನೇ ಮದ್ದು ಹೊಡೆಸಲಿಲ್ಲ. ಎಂಟು ಸಾವಿರ ಉಳಿಯಿತು, ಕೊಳೆರೋಗ ಬಂದು ಅರ್ಧ ಬೆಳೆ ಉದುರಿತು.

ಇದರ ನಡುವೆ ನಾನು ಗೃಹಲಕ್ಷ್ಮಿ ಹಣ ಕೂಡಿಟ್ಟು 6,500 ರೂಪಾಯಿಯ ಸೀರೆ ತಂದಿದ್ದೇನೆ, ಯಾರಿಗೂ ಹೇಳದೆ. ಉಡಲು ಮನಸ್ಸು ಬರುತ್ತಿಲ್ಲ. ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಬಿಚ್ಚಬೇಕು ಎಂದೇ ತಿಳಿಯದಾಗಿದೆ. ದುಂದುಗಾರ್ತಿ ನಾನೋ, ಅವರೋ?

— ಹೆಸರು ಬೇಡ, ಕತಗಾಲ

ಮೊದಲು ಸೀರೆ ಉಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ. 2023ರ ಆಗಸ್ಟಿನಿಂದ ತಿಂಗಳಿಗೆ 2,000 ರೂಪಾಯಿಯಂತೆ ಮನೆಯೊಡತಿಯ ಖಾತೆಗೇ ಬರುತ್ತಿರುವ ಹಣ ಅದು. ಅದರಲ್ಲಿ ಮೂರು ತಿಂಗಳ ಮೇಲಿಷ್ಟು ನಿಮಗಾಗಿ ಖರ್ಚಾಯಿತು, ಅಷ್ಟೇ. ಕದ್ದುಮುಚ್ಚಿ ತಂದದ್ದೇ ನಿಮ್ಮನ್ನು ಕೊರೆಯುತ್ತಿರುವುದು. ಹತ್ತಿರದವರ ಮನೆಯಲ್ಲಿ ಏನಾದರೂ ಕಾರ್ಯ ಬಂದ ದಿನ ಉಟ್ಟು ಹೊರಡಿ. ಯಾವಾಗ ತಂದೆ ಎಂದು ಕೇಳಿದರೆ ಬೆಲೆ ಸಮೇತ ಹೇಳಿ.

ಇನ್ನು ನಿಮ್ಮ ಯಜಮಾನರು. ನೀವು ಬರೆದದ್ದನ್ನು ಓದಿದವರಿಗೆ ಅವರು ಮನೆಯಲ್ಲಿ ಜಿಪುಣ, ಊರಲ್ಲಿ ಧಾರಾಳಿ ಎನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಅಡಿಕೆ ಬೆಳೆಗಾರನ ಕೈಯಲ್ಲಿ ಏನಿದೆ ಹೇಳಿ? ಮಳೆ ಇಲ್ಲ, ದರ ಇಲ್ಲ. 2000ದ ನಂತರ ಅಡಿಕೆ ದರ ನೆಲ ಕಚ್ಚಿದಾಗ ಅವರು ಹರೆಯದ ಹುಡುಗರಿದ್ದಿರಬೇಕು, ಅಪ್ಪ ಸೊಸೈಟಿ ಸಾಲಕ್ಕೆ ಓಡಾಡಿದ್ದನ್ನು ಕಂಡಿದ್ದಾರು. ದೊಡ್ಡದು ಯಾವುದೂ ಹಿಡಿತಕ್ಕೆ ಸಿಗದವನಿಗೆ ಫ್ಯಾನಿನ ಸ್ವಿಚ್ಚಾದರೂ ಸಿಗುತ್ತದೆ. ಅದನ್ನು ಆರಿಸಿದಾಗ ಏನೋ ಉಳಿಸಿದ ಸಮಾಧಾನ. ಹೀಗಾಗಿ ಫ್ಯಾನು, ಗ್ಯಾಸು, ಚಹಾಪುಡಿಗಳ ಮೇಲೆ ನೀವು ಜಗಳ ಹೂಡಬೇಡಿ. ಆ ಬಾಬ್ತಿನಲ್ಲಿ ವರ್ಷವಿಡೀ ಹಿಡಿದರೂ ಬಿಟ್ಟರೂ ವ್ಯತ್ಯಾಸ ಕೆಲವು ಸಾವಿರ ಮಾತ್ರ. ನಿಮ್ಮ ಮನೆಯ ಹಣ ನಿಲ್ಲುವುದೂ ಸೋರುವುದೂ ವರ್ಷಕ್ಕೆ ಮೂರೋ ನಾಲ್ಕೋ ತೀರ್ಮಾನಗಳಲ್ಲಿ. ಅವನ್ನು ಒಂದು ಸಂಜೆ ಜಗಲಿಯ ಮೇಲೆ ನಿಮ್ಮನ್ನು ಕೇಳದೆ ಮುಗಿಸಲಾಗುತ್ತಿದೆ.

ಎರಡನೇ ಮದ್ದನ್ನೇ ನೋಡಿ. ನಿಮ್ಮ ತೋಟ ವರ್ಷಕ್ಕೆ ಹನ್ನೆರಡು ಕ್ವಿಂಟಲ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಅರ್ಧ ಉದುರಿದರೆ ಆರು. ಕ್ವಿಂಟಲ್ಲಿಗೆ 35,000 ಎಂದು ಕಡಿಮೆಯೇ ಹಿಡಿದರೂ ಎರಡು ಲಕ್ಷದ ಮೇಲಾಯಿತು. ಉಳಿಸಿದ್ದು ಎಂಟು ಸಾವಿರ. ಮಳೆ ಕಚ್ಚಿಕೊಳ್ಳುವ ಮೊದಲು ಒಂದು ಸಲ, ನಲವತ್ತು–ನಲವತ್ತೈದು ದಿನಕ್ಕೆ ಮತ್ತೊಂದು ಸಲ ಬೋರ್ಡೋ ಹೊಡೆಯಬೇಕೆಂದು ಅವರಿಗೆ ನಾನು ಹೇಳಿಕೊಡಬೇಕಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹೊಳೆಯುವ ಬ್ಲೇಡನ್ನು ಮದ್ದಿನಲ್ಲಿ ಅದ್ದಿ ತೆಗೆದಾಗ ಕೆಂಪು ಅಂಟಿದ್ದರೆ ಸುಣ್ಣ ಸಾಲದೆಂದು ಅರ್ಥ. ಇಷ್ಟು ಸೂಕ್ಷ್ಮ ಬಲ್ಲ ಬೆಳೆಗಾರ ಆಷಾಢದ ಮಳೆಯಲ್ಲಿ ಮಜೂರಿ ಕೇಳಿ ಹಿಂದೆ ಸರಿಯುವುದು ಲೆಕ್ಕ ಬಾರದ್ದಕ್ಕಲ್ಲ. ಮಜೂರಿ ಇವತ್ತು ಕೈಯಿಂದ ಹೋಗುತ್ತದೆ, ನಷ್ಟ ಬರುವುದು ಇನ್ಯಾವಾಗಲೋ, ಅದೂ ಮಳೆಯ ಹೆಸರಿನಲ್ಲಿ. ಜೊತೆಗೆ ಜೀವ ಪಣಕ್ಕಿಟ್ಟು ಜಾರುವ ಮರ ಏರುವವನ ಮಜೂರಿಯಲ್ಲಿ ಚೌಕಾಸಿ ಮಾಡುವುದು ನನಗಂತೂ ಸರಿಕಾಣದು. ಈ ವರ್ಷ ಮೊದಲ ಮದ್ದಿನ ದಿನವೇ ಎರಡನೆಯದರ ಮುಂಗಡವನ್ನೂ ಅವನ ಕೈಗಿಡಿ. ಹವಾಮಾನ ಆಧಾರಿತ ಬೆಳೆವಿಮೆ ತುಂಬಿದ್ದಾರೋ ಇಲ್ಲವೋ ಕೇಳಿ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತನ ಪಾಲಿನ ಕಂತು 6,400. ನಿಮ್ಮ ಒಂದೂಕಾಲು ಎಕರೆಗೆ ಮೂರು ಸಾವಿರದ ಇನ್ನೂರರ ಆಸುಪಾಸು ಬೀಳುತ್ತದೆ.

ನಿಮ್ಮ ಮನೆಯಲ್ಲಿ ‘ಉಳಿತಾಯ’ ಎಂದು ನಡೆಯುತ್ತಿರುವುದರ ಪಟ್ಟಿ ಮಾಡಿ ಒಮ್ಮೆ ನೋಡಿ. ಮೆಷಿನ್ ಬೇಡವೆಂದಾಗ ಉಳಿದ ಹಣ ನಿಮ್ಮ ಮಣಿಕಟ್ಟಿನಿಂದ ಬಂದದ್ದು. ಆಪರೇಷನ್ ಮುಂದೆ ಹಾಕಿದಾಗ ಉಳಿದದ್ದು ಅತ್ತೆಯ ಕಣ್ಣಿನಿಂದ. ಖರ್ಚು ನಿಜಕ್ಕೂ ತಪ್ಪಿದೆಯೇ? ಮನೆಯ ಹೆಂಗಸರು ಅದನ್ನು ಮೈಯಿಂದ ತುಂಬಿಕೊಡುತ್ತಿದ್ದಾರೆ, ಪುಸ್ತಕದಲ್ಲಿ ಮಾತ್ರ ಬರೆದಿಲ್ಲ. ಕೈ ಎಲ್ಲಿ ಬಿಚ್ಚಬೇಕು ಎಂದಿರಲ್ಲ, ಇಲ್ಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲೇ ಕಾಣದ ನಿಮ್ಮೂರಲ್ಲಿ, ತೋಟದ ಕೆಸರು ಹತ್ತಿದ ಬಟ್ಟೆ ಒಗೆದು, ಬಚ್ಚಲೊಲೆಯ ಮೇಲೆ ಹರವಿ, ಹೊಗೆವಾಸನೆಯ ಅಂಗಿಯನ್ನು ಮಗನಿಗೆ ಕೊಡುವ ಬವಣೆ ನನಗೆ ಗೊತ್ತು. ಮೆಷಿನ್ ಈ ಮಳೆಗಾಲಕ್ಕೇ ಬರಲಿ, ಒಳ್ಳೆಯದೇ ಬರಲಿ. ಮದುವೆ ಮುಗಿದ ಮೇಲೆ ನೋಡೋಣ ಎಂದು ಒಪ್ಪಬೇಡಿ.

ಅತ್ತೆಯ ಕಣ್ಣನ್ನಂತೂ ಒಂದು ವಾರವೂ ಮುಂದೂಡಬೇಡಿ. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಪೊರೆ ಆಪರೇಷನ್ ಉಚಿತವಾಗಿ ಆಗುತ್ತದೆ. ಕುಮಟೆಯ ತಾಲೂಕು ಆಸ್ಪತ್ರೆಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ನಾನು ಹೆದರುವುದು ಕಣ್ಣಿಗಿಂತ ನಿಮ್ಮ ಅಂಗಳದ ಪಾಚಿಗೆ. ಮಂದಕಣ್ಣಿನ ಮುದುಕಿ ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿ ಸೊಂಟ ಮುರಿದುಕೊಂಡರೆ? ನಮ್ಮ ಜಿಲ್ಲೆಯವರು ದೊಡ್ಡ ಆಸ್ಪತ್ರೆ ಬೇಕೆಂದು ಕೂಗುತ್ತಲೇ ಬಂದಿದ್ದಾರೆ. ಈಗಲೂ ಗಂಭೀರವಾದದ್ದೇನೇ ಬಂದರೂ ಆಂಬ್ಯುಲೆನ್ಸ್ ತಿರುಗುವುದು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ. ಕುಮಟೆಯಿಂದ ಮಣಿಪಾಲವೇ ನೂರು ಕಿಲೋಮೀಟರಿಗೂ ಹೆಚ್ಚು. ಯಜಮಾನರು ಸೊಸೈಟಿಯ ಸದಸ್ಯರಿರಬೇಕಲ್ಲ, ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದಾರೆಯೇ? ಹಳ್ಳಿಯ ಸಹಕಾರಿ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100. ಐದು ಲಕ್ಷದವರೆಗಿನ ಚಿಕಿತ್ಸೆಗೆ ಆಧಾರ. ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ, ಗುಮಾಸ್ತರನ್ನು ವಿಚಾರಿಸುತ್ತಿರಿ.

ಮದುವೆ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ ನಿಲ್ಲುತ್ತೇನೆಂದು ಎಣಿಸಿದ್ದರೆ ಸ್ವಲ್ಪ ನಿರಾಸೆಯಾದೀತು. ಸರಳ ಮದುವೆ ಎಂದಕೂಡಲೇ ಮಂತ್ರಮಾಂಗಲ್ಯದ ಮಾತು ಬರುತ್ತದೆ. 1966ರಲ್ಲಿ ಕುವೆಂಪು ಮಗ ತೇಜಸ್ವಿಯ ಮದುವೆಯನ್ನು ಹಾಗೆ ನೆರವೇರಿಸಿದರು. ನನಗೆ ಬಹಳ ಗೌರವವಿರುವ ದಾರಿ ಅದು. ಹುಡುಗ, ಹುಡುಗಿ, ಎರಡು ಮನೆ ಒಪ್ಪಿದರೆ ಅದಕ್ಕಿಂತ ಚಂದ ಇನ್ನೊಂದಿಲ್ಲ. ಆದರೆ ಒಪ್ಪದ ಮನೆಯ ಮೇಲೆ ಹೇರುವಂಥದ್ದಲ್ಲ. ನಿಮ್ಮೂರಿನ ಕಾರ್ಯದ ಊಟವನ್ನು ನಾನು ಬರೀ ಆಡಂಬರದ ಬಾಬ್ತಿಗೆ ಸೇರಿಸಲಾರೆ. ಅಘನಾಶಿನಿ, ಚಂಡಿಕಾ ಹೊಳೆಗಳು ಉಕ್ಕಿದ 2019, 2021ರ ಮಳೆಗಾಲಗಳಲ್ಲಿ ಯಾರ ಮನೆಯ ಅಕ್ಕಿಮೂಟೆ ಯಾರ ಅಟ್ಟ ಸೇರಿತು ಎಂದು ನಿಮಗೇ ಗೊತ್ತಿರಬೇಕು. ಹಾಗೆ ಹೆಗಲು ಕೊಟ್ಟವರನ್ನು ಕರೆದು ಹೊಟ್ಟೆ ತುಂಬ ಬಡಿಸುವುದು ಋಣದ ವಿಷಯ. ಅಲ್ಲಿ ಪಲ್ಯ ಒಂದು ಕಡಿಮೆ ಮಾಡುವುದು ಬೇಡ, ಹೋಳಿಗೆ ಇನ್ನೊಂದು ಎಂದರೆ ಹಾಕಲಿ.

ಕತ್ತರಿ ಬೀಳಬೇಕಾದದ್ದು ಹೆಸರೂ ನೆನಪಿರದ ಪರಿಚಯಸ್ಥರಿಗಾಗಿ ಮಾಡುವ ಖರ್ಚಿಗೆ. ಡ್ರೋನ್ ಯಾಕೆ? ಕುಮಟೆಯ ಮಂಟಪದ ತಗಡಿನ ಚಾವಣಿಯನ್ನು ಮೇಲಿನಿಂದ ನೋಡಿ ಯಾರು ಏನು ಮಾಡಬೇಕು? ಮಾರನೇ ದಿನದ ರಿಸೆಪ್ಷನ್, ಪ್ಲಾಸ್ಟಿಕ್ ಹೂವಿನ ಕಮಾನು, ಯಾರೂ ಉಡದೆ ಕೈಯಿಂದ ಕೈಗೆ ದಾಟಿಸುವ ಉಡುಗೊರೆ ಸೀರೆ, ಶರ್ಟುಪೀಸು, ಇವನ್ನೆಲ್ಲ ತೆಗೆದರೆ ಯಾರೂ ಹಸಿದು ಹೋಗುವುದಿಲ್ಲ. ನಿಮ್ಮ ಅಂಗಳದಲ್ಲೇ ಚಪ್ಪರ ಹಾಕಿ, ಹಿಂದಿನ ರಾತ್ರಿ ಊರವರು ಸೇರಿ ತರಕಾರಿ ಹೆಚ್ಚುವ ಪದ್ಧತಿ ಇನ್ನೂ ಉಳಿದಿದ್ದರೆ ಮಂಟಪದ ಬಾಡಿಗೆಯೂ ಉಳಿದೀತು. ಮಳೆ ಹೋದ ಮೇಲಿನ ದಿನಗಳಲ್ಲವೇ.

ಇಷ್ಟರಲ್ಲಿ ಒಬ್ಬಳನ್ನು ಯಾರೂ ಕೇಳಿದಂತಿಲ್ಲ. ಊರವರ ಲೆಕ್ಕ ತಪಾಸಣೆ ಮಾಡುವ ಹುಡುಗಿ ತನ್ನ ಮದುವೆಯ ಲೆಕ್ಕಕ್ಕೆ ಬೇಡವಾದಳೇ? ಒಂದು ಭಾನುವಾರ ಫೋನು ಮಾಡಿ, ಅವಳು ಅಪ್ಪನ ಹತ್ತಿರವೇ ಮಾತಾಡಲಿ. ಅವಳಿಗೆ ಮುಂದೆ ಓದುವ ಮನಸ್ಸಿದೆಯೋ, ಬೆಂಗಳೂರಿನ ಮನೆಯ ಅಡ್ವಾನ್ಸಿಗೆ ಹಣ ಬೇಕೋ, ಅಥವಾ ಅವಳಿಗೂ ಡ್ರೋನೇ ಬೇಕೋ! ಅವಳಿಗೇ ಬೇಕೆಂದಾದರೆ ನನ್ನ ಮಾತು ಬಿಡಿ, ಆದರೆ ಬೇರೆ ಒಂದನ್ನು ಅವಳೇ ಬಿಡಲಿ.

ಯಜಮಾನರ ಹತ್ತಿರ ಮಾತು ತೆಗೆಯುವಾಗ ‘ನೀವು ಹೀಗೆ, ನೀವು ಹಾಗೆ’ ಎಂದು ಶುರುಮಾಡಬೇಡಿ. ಊಟವಾಗಿ ಕವಳ ಹಾಕಿ ಕೂತ ಹೊತ್ತು ನೋಡಿ, ಕೊಳೆಯ ಲೆಕ್ಕ ಬರೆದ ಹಾಳೆಯನ್ನು ಮುಂದಿಡಿ. ಅಂಕಿ ಮಾತಾಡಲಿ, ನೀವು ಸುಮ್ಮನಿರಿ. ಆಮೇಲೆ ಒಂಬತ್ತು ಲಕ್ಷದಲ್ಲಿ ಮೊದಲು ತೆಗೆದಿಡಬೇಕಾದದ್ದನ್ನು ಹೇಳಿ: ಎರಡು ಮದ್ದು, ವಿಮೆ, ಅತ್ತೆಯ ಕಣ್ಣಿನ ಓಡಾಟ, ಮೆಷಿನ್, ಮಗನ ಮುಂದಿನ ವರ್ಷದ ಫೀಸು, ಮೇಲೊಂದು ಲಕ್ಷ ಆಪತ್ತಿಗೆ. ಉಳಿದದ್ದರೊಳಗೆ ಮದುವೆ. ಮೊತ್ತ ಅವರೇ ಗೊತ್ತುಮಾಡಲಿ, ಅಲ್ಲಿ ಮೂಗು ತೂರಿಸಬೇಡಿ. ಒಂದು ಮಾತ್ರ ಗಟ್ಟಿಯಾಗಿ ಹೇಳಿ, ಮದುವೆಗೆಂದು ಸೊಸೈಟಿಯ ಬೆಳೆಸಾಲ ಮುಟ್ಟಕೂಡದು. ಐದು ಲಕ್ಷದವರೆಗೆ ಬಡ್ಡಿಯಿಲ್ಲ ಎಂಬ ಧೈರ್ಯದಲ್ಲಿ ತೆಗೆದು ಚಪ್ಪರಕ್ಕೆ ಹಾಕುವವರಿದ್ದಾರೆ. ವಾಯಿದೆ ದಾಟಿದರೆ ಬಡ್ಡಿ ಬೀಳುತ್ತದೆ, ಆ ಹೊತ್ತಿಗೆ ತೋಟಕ್ಕೆ ಹಾಕಲು ಕೈಯಲ್ಲಿ ಏನೂ ಇರುವುದಿಲ್ಲ.

ಆಪತ್ತಿನ ಆ ಲಕ್ಷವನ್ನು ಠೇವಣಿ ಇಡುವ ದಿನ ನೀವೂ ಜೊತೆಗೆ ಹೋಗಿ, ಇಬ್ಬರ ಹೆಸರಿನಲ್ಲೂ ಮಾಡಿಸಿ. ಆಧಾರ್, ಪಾನ್ ಪ್ರತಿ ಮತ್ತು ಎರಡು ಫೋಟೋ ನಿಮ್ಮದೂ ಕೇಳುತ್ತಾರೆ.