ಕಾಗದದ ಮೇಲಿನ ವಚನ

ಹೊನ್ನಿನ ನಾಣ್ಯವನ್ನು ಕರಗಿಸಿದರೆ ಹೊನ್ನು ಉಳಿಯುತ್ತದೆ. ಬೆಳ್ಳಿಯ ರೂಪಾಯಿಯನ್ನು ಕರಗಿಸಿದರೆ ಬೆಳ್ಳಿ ಉಳಿಯುತ್ತದೆ. ನೂರು ರೂಪಾಯಿಯ ನೋಟನ್ನು ಸುಟ್ಟರೆ ಉಳಿಯುವುದು ಚಿಟಿಕೆ ಬೂದಿ ಮಾತ್ರ. ಆದರೂ ಹತ್ತಿಯ ನಾರಿನಿಂದ ಮಾಡಿದ ಈ ಕಾಗದದ ತುಂಡನ್ನು ಕೊಟ್ಟರೆ ಅಂಗಡಿಯವನು ಅಕ್ಕಿ ಬೇಳೆಗಳನ್ನು ತೂಗಿಕೊಡುತ್ತಾನೆ. ದಿನವಿಡೀ ಗದ್ದೆಯಲ್ಲಿ ದುಡಿದ ಕೂಲಿಯಾಳು ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಶ್ಚಿಂತನಾಗಿ ಮನೆಗೆ ಹೋಗುತ್ತಾನೆ. ಅವರಿಬ್ಬರೂ ನಂಬಿರುವುದು ಆ ಕಾಗದದ ಮೇಲೆ ಬರೆದಿರುವ ಒಂದು ಮಾತನ್ನು.

ನೋಟಿನ ಮುಂಬದಿಯನ್ನು ಗಮನವಿಟ್ಟು ನೋಡಿರಿ. ಇದನ್ನು ತಂದವರಿಗೆ ಇಷ್ಟು ರೂಪಾಯಿಗಳನ್ನು ಸಲ್ಲಿಸುವೆನೆಂದು ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರರು ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ವಚನವಿತ್ತು ಸಹಿ ಮಾಡಿದ್ದಾರೆ. ಕೇಂದ್ರ ಸರ್ಕಾರವು ಆ ವಚನಕ್ಕೆ ಹೊಣೆ ನಿಂತಿದೆಯೆಂಬ ಬರಹವೂ ಅಲ್ಲಿದೆ. ಒಂದು ರೂಪಾಯಿಯ ನೋಟಿನಲ್ಲಿ ಮಾತ್ರ ಈ ವಚನವಿಲ್ಲ. ಅದನ್ನು ಹೊರಡಿಸುವುದು ನೇರವಾಗಿ ಭಾರತ ಸರ್ಕಾರ. ಸಹಿ ಮಾಡುವವರು ಹಣಕಾಸು ಕಾರ್ಯದರ್ಶಿಗಳು. ಕಾನೂನಿನ ದೃಷ್ಟಿಯಲ್ಲಿ ಅದು ಕಾಗದದ ರೂಪದ ನಾಣ್ಯ. ಉಳಿದ ನೋಟುಗಳೆಲ್ಲ ವಚನಪತ್ರಗಳೇ. ಈ ವಚನವನ್ನು ಕೊಡುವವರು ಯಾರು? ಅದನ್ನು ಏಕೆ ನಂಬಬೇಕು? ಅದು ಯಾರಿಗೆ ಕೊಟ್ಟ ವಚನ? ಈ ಮೂರು ಪ್ರಶ್ನೆಗಳಿಗೆ ನೋಟಿನ ಮೇಲಿನ ಚಿತ್ರಗಳೂ ಚಿಹ್ನೆಗಳೂ ಮೌನವಾಗಿ ಉತ್ತರ ಹೇಳುತ್ತವೆ.

1861ರಲ್ಲಿ ಬ್ರಿಟಿಷ್ ಸರ್ಕಾರವು ನಮ್ಮ ದೇಶದಲ್ಲಿ ನೋಟು ಹೊರಡಿಸುವ ಅಧಿಕಾರವನ್ನು ಕಾನೂನಿನ ಮೂಲಕ ತನ್ನದಾಗಿಸಿಕೊಂಡಿತು. ಆ ಸರ್ಕಾರದ ಮೊದಲ ನೋಟುಗಳಲ್ಲಿದ್ದುದು ವಿಕ್ಟೋರಿಯಾ ರಾಣಿಯ ಚಿತ್ರ. 1935ರಲ್ಲಿ ಸ್ಥಾಪನೆಯಾದ ರಿಸರ್ವ್ ಬ್ಯಾಂಕು 1938ರಲ್ಲಿ ತನ್ನ ಮೊದಲ ನೋಟನ್ನು ಹೊರತಂದಾಗ ಅದರಲ್ಲಿದ್ದುದು ಆರನೆಯ ಜಾರ್ಜ್ ದೊರೆಯ ಮುಖ. ನೋಟು ಹಿಡಿದವನು ತಾನು ಯಾರ ಪ್ರಜೆಯೆಂಬುದನ್ನು ದಿನವೂ ಕಾಣಬೇಕಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೂ ಕೆಲಕಾಲ ದೊರೆಯ ಮುಖವುಳ್ಳ ನೋಟುಗಳೇ ನಡೆದವು. ಆ ಜಾಗದಲ್ಲಿ ಇನ್ನು ಯಾರನ್ನು ನಿಲ್ಲಿಸುವುದು? ಗಾಂಧೀಜಿಯವರ ಚಿತ್ರವಿರಲೆಂದು ಮೊದಲು ಯೋಚಿಸಿ ಮಾದರಿಗಳನ್ನು ಸಿದ್ಧಪಡಿಸಿದ್ದುಂಟು. ಕೊನೆಗೆ ಒಮ್ಮತವು ಸಾರನಾಥದ ಅಶೋಕಸ್ತಂಭದ ಕಡೆಗೆ ವಾಲಿತು. 1949ರ ಒಂದು ರೂಪಾಯಿ ನೋಟಿನಲ್ಲಿ ದೊರೆಯ ಬದಲಿಗೆ ಸಿಂಹಗಳು ಬಂದವು. ಒಂದಕ್ಕೊಂದು ಬೆನ್ನು ಮಾಡಿ ಕುಳಿತ ನಾಲ್ಕು ಸಿಂಹಗಳು, ಅವುಗಳ ಪೀಠದಲ್ಲಿ ಆನೆ, ಕುದುರೆ, ಎತ್ತು, ಸಿಂಹ, ನಡುನಡುವೆ ಧರ್ಮಚಕ್ರ: ಇದು ಆ ಸ್ತಂಭಾಗ್ರದ ರೂಪ. ಇದನ್ನು ನೆಡಿಸಿದ ಅರಸು ಕಳಿಂಗದಲ್ಲಿ ಗೆದ್ದೂ ಮರುಗಿದವನು. ಕತ್ತಿಯ ಗೆಲವಿಗಿಂತ ಧರ್ಮದ ಗೆಲವು ಹಿರಿದೆಂದು ಕಲ್ಲಿನಲ್ಲಿ ಬರೆಸಿದವನು. ಹೀಗೆ ಒಬ್ಬ ದೊರೆಯ ಸ್ಥಾನಕ್ಕೆ ಮತ್ತೊಬ್ಬ ವ್ಯಕ್ತಿ ಬರಲಿಲ್ಲ, ಧರ್ಮವೇ ಬಂದಿತು. ಮಾತು ಕೊಡುತ್ತಿರುವುದು ನ್ಯಾಯಕ್ಕೆ ತಲೆಬಾಗಿದ ಗಣರಾಜ್ಯವೆಂಬುದು ಇದರ ಇಂಗಿತ.

ರಿಸರ್ವ್ ಬ್ಯಾಂಕಿನ ಮುದ್ರೆಯೂ ಇಂಥದೊಂದು ಕಥೆಯನ್ನು ಹೇಳುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಜೋಡಿ ಮೊಹರಿನಲ್ಲಿ ಸಿಂಹ ಮತ್ತು ತಾಳೆಮರದ ಚಿತ್ರವಿತ್ತು. ಬ್ಯಾಂಕು ಅದನ್ನೇ ಮಾದರಿಯಾಗಿ ತೆಗೆದುಕೊಂಡರೂ, ಈ ನೆಲದ ಗುಣಕ್ಕೆ ಹುಲಿಯೇ ಹೆಚ್ಚು ಹೊಂದುವುದೆಂದು ಸಿಂಹವನ್ನು ಬಿಟ್ಟು ಹುಲಿಯನ್ನು ಇರಿಸಿತು. ಮೊದಲ ಚಿತ್ರಗಳು ಒಪ್ಪಿಗೆಯಾಗದಿರಲು, ಕಲ್ಕತ್ತೆಯ ಬೆಲ್ವೆಡಿಯರ್ ಭವನದ ಹೆಬ್ಬಾಗಿಲಲ್ಲಿದ್ದ ಹುಲಿಯ ಪ್ರತಿಮೆಯನ್ನು ನೋಡಿ ಹೊಸದಾಗಿ ಬರೆಸಲಾಯಿತು.

ಮೊದಲು ಕೈಬಿಟ್ಟ ಗಾಂಧೀಜಿಯವರ ಚಿತ್ರವು ಕ್ರಮೇಣ ನೋಟಿಗೆ ಬಂದಿತು. ಅವರ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ, ಸೇವಾಗ್ರಾಮದ ಆಶ್ರಮದ ಹಿನ್ನೆಲೆಯಲ್ಲಿ ಕುಳಿತ ಬಾಪು ಕಾಣಿಸಿಕೊಂಡರು; 1987ರಲ್ಲಿ ಐನೂರರ ನೋಟಿಗೆ ಬಂದರು; 1996ರಿಂದ ಅವರ ಹೆಸರಿನ ಮಾಲೆಯೇ ಆರಂಭವಾಯಿತು. ಮುಖಚಿತ್ರದಿಂದ ಒಂದು ಪ್ರಯೋಜನವೂ ಉಂಟು. ಬಳ್ಳಿಯ ಚಿತ್ತಾರದಲ್ಲಿ ಗೆರೆ ತಪ್ಪಿದರೆ ಕಣ್ಣಿಗೆ ತಿಳಿಯದು; ಪರಿಚಿತ ಮುಖದಲ್ಲಿ ಗೆರೆ ತಪ್ಪಿದರೆ ಒಡನೆಯೇ ತಿಳಿಯುತ್ತದೆ. ಹೀಗಾಗಿ ಖೋಟಾ ನೋಟು ಮಾಡುವವನಿಗೆ ಮುಖವೇ ಕಷ್ಟದ ಭಾಗ. ಇದಕ್ಕಿಂತ ಆಳವಾದ ಅರ್ಥವೊಂದಿದೆ. ಸಂಪತ್ತು ಉಳ್ಳವನು ಅದರ ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ಕಾಯುವ ಧರ್ಮದರ್ಶಿ ಮಾತ್ರ ಎಂದು ಬೋಧಿಸಿದ ಮಹಾತ್ಮರ ಮುಖವು ಹಣದ ಮೇಲಿದೆ. ಲಂಚಕ್ಕಾಗಿ ಕೈಚಾಚುವವನ ಅಂಗೈಯಲ್ಲಿಯೂ ಅದೇ ಮುಖವಿರುತ್ತದೆಂಬುದನ್ನು ನೆನೆದರೆ ನಾಚಿಕೆಯಾಗದಿರದು.

ಇನ್ನು ಈ ವಚನವು ಯಾರಿಗೆ? ನೋಟಿನ ಹಿಂಬದಿಯಲ್ಲಿ ಅದರ ಬೆಲೆಯನ್ನು 15 ಭಾಷೆಗಳಲ್ಲಿ ಒಂದರ ಕೆಳಗೊಂದರಂತೆ ಅಚ್ಚುಮಾಡಿದೆ. ಮೊದಲು ಅಸ್ಸಾಮಿ, ಬಂಗಾಳಿ, ಗುಜರಾತಿ, ನಾಲ್ಕನೆಯ ಸಾಲಿನಲ್ಲಿ ನಮ್ಮ ಕನ್ನಡ, ಕೊನೆಯಲ್ಲಿ ಉರ್ದು. ಇಂಗ್ಲಿಷ್ ಹೆಸರುಗಳ ಅಕಾರಾದಿಯಲ್ಲಿ ಜೋಡಿಸಿರುವುದರಿಂದ ಇಲ್ಲಿ ಹಿರಿದು ಕಿರಿದೆಂಬ ಭೇದವಿಲ್ಲ. ಓದಲು ಕಣ್ಣಿಲ್ಲದವರನ್ನೂ ನೋಟು ಮರೆತಿಲ್ಲ. ಹೊಸ ಮಾಲೆಯ ನೂರರ ನೋಟಿನಲ್ಲಿ ಉಬ್ಬಿದ ತ್ರಿಕೋನವೂ ಅಂಚುಗಳಲ್ಲಿ ನಾಲ್ಕು ಉಬ್ಬುಗೆರೆಗಳೂ ಇವೆ. ಐನೂರರಲ್ಲಿ ವೃತ್ತವೂ ಐದು ಗೆರೆಗಳೂ ಇವೆ. ಬೆರಳ ತುದಿಯಿಂದಲೇ ಅವುಗಳನ್ನು ಓದಬಹುದು.

ಹಿಂಬದಿಯ ಚಿತ್ರಗಳು ಆಯಾ ಕಾಲದ ಹಂಬಲವನ್ನು ತೋರಿಸುತ್ತವೆ. ಹಸಿವನ್ನು ನೀಗಿ ಕೈಗಾರಿಕೆಯನ್ನು ಬೆಳೆಸಲು ದೇಶವು ಹೆಣಗುತ್ತಿದ್ದ ದಿನಗಳಲ್ಲಿ ಐದು ರೂಪಾಯಿಯ ನೋಟಿನಲ್ಲಿ ಟ್ರ್ಯಾಕ್ಟರು ಉಳುತ್ತಿತ್ತು. ಎರಡು ರೂಪಾಯಿಯ ನೋಟಿನಲ್ಲಿ, ಬೆಂಗಳೂರಿನಲ್ಲಿ ನಿರ್ಮಿಸಿ 1975ರಲ್ಲಿ ಹಾರಿಬಿಟ್ಟ ಆರ್ಯಭಟ ಉಪಗ್ರಹವಿತ್ತು. 2016ರಿಂದ ಬಂದ ಹೊಸ ಮಾಲೆಯಲ್ಲಿ ಪರಂಪರೆಯ ಚಿತ್ರಗಳೇ ಹೆಚ್ಚು. ಹತ್ತರಲ್ಲಿ ಕೋನಾರ್ಕದ ಸೂರ್ಯದೇಗುಲ, ಐವತ್ತರಲ್ಲಿ ನಮ್ಮ ಹಂಪಿಯ ಕಲ್ಲಿನ ರಥ, ನೂರರಲ್ಲಿ ಗುಜರಾತಿನ ಪಾಟಣದ ರಾಣಿಯ ಮೆಟ್ಟಿಲುಬಾವಿ, ಇನ್ನೂರರಲ್ಲಿ ಸಾಂಚಿಯ ಸ್ತೂಪ, ಐನೂರರಲ್ಲಿ ತ್ರಿವರ್ಣಧ್ವಜ ಹಾರುವ ಕೆಂಪುಕೋಟೆ ಇವೆ. ಇಪ್ಪತ್ತರಲ್ಲಿರುವ ಎಲ್ಲೋರದಲ್ಲಂತೂ ಬೌದ್ಧ, ಹಿಂದೂ, ಜೈನ ಗುಹೆಗಳು ಒಂದೇ ಬೆಟ್ಟದ ಬಂಡೆಯನ್ನು ಹಂಚಿಕೊಂಡಿವೆ. ಅರಸರ ರಥ, ಭಿಕ್ಷುಗಳ ಸ್ತೂಪ, ಬಾದಶಹನ ಕೋಟೆ, ಬಾಯಾರಿದವರ ಬಾವಿ ಇವೆಲ್ಲವೂ ಒಂದೇ ಕೈಚೀಲದಲ್ಲಿ ಕೂಡಿವೆ.

ಇಷ್ಟೆಲ್ಲ ಇದ್ದರೂ ಚಿತ್ರಗಳಿಗೆ ಸ್ವಂತ ಶಕ್ತಿಯಿಲ್ಲ. 2016ರ ನವೆಂಬರ್ 8ರ ರಾತ್ರಿ, ಆಗ ನಡೆಯುತ್ತಿದ್ದ 500 ಮತ್ತು 1000 ರೂಪಾಯಿಗಳ ನೋಟುಗಳ ಮಾನ್ಯತೆಯನ್ನು ಸರ್ಕಾರವು ರದ್ದುಪಡಿಸಿತು. ಅದೇ ಗಾಂಧೀಜಿ, ಅದೇ ಸಿಂಹಗಳು, ಅದೇ ಸಹಿ. ಆದರೂ ಮರುದಿನ ಅಂಗಡಿಯಲ್ಲಿ ಅವು ನಡೆಯಲಿಲ್ಲ. ಅವನ್ನು ಬದಲಾಯಿಸಿಕೊಳ್ಳಲು ಜನರು ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಂತರು. 1978ರಲ್ಲಿಯೂ ದೊಡ್ಡ ನೋಟುಗಳಿಗೆ ಇದೇ ಗತಿಯಾಗಿತ್ತು. ಮಾತಿನ ಹಿಂದೆ ಹೊಣೆಗಾರನು ನಿಂತಿರುವವರೆಗೆ ಅದು ಹಣ. ಅವನು ಸರಿದುನಿಂತರೆ ಬರಿಯ ಚಿತ್ರ.

ಮೈಸೂರಿನಲ್ಲಿ ನೋಟಿನ ಕಾಗದವನ್ನು ತಯಾರಿಸುವ ಕಾರ್ಖಾನೆಯೂ ನೋಟುಗಳನ್ನು ಅಚ್ಚುಹಾಕುವ ಮುದ್ರಣಾಲಯವೂ ಇವೆ. ಕಾಗದ, ಶಾಯಿ, ನೀರುಗುರುತು, ಭದ್ರತೆಯ ಎಳೆ ಎಲ್ಲವನ್ನೂ ಯಂತ್ರಗಳು ಒದಗಿಸಬಲ್ಲವು, ನಂಬಿಕೆಯನ್ನು ಒದಗಿಸಲಾರವು. ಅದನ್ನು ಒದಗಿಸುವವರು ಆಡಿದಂತೆ ನಡೆಯುವ ಸರ್ಕಾರ ಮತ್ತು ಪ್ರಾಮಾಣಿಕವಾಗಿ ದುಡಿಯುವ ಪ್ರಜೆಗಳು. ಗೋವಿನ ಹಾಡಿನ ಪುಣ್ಯಕೋಟಿಯು ಹುಲಿಗೆ ಕೊಟ್ಟ ಭಾಷೆಯನ್ನು ಉಳಿಸಿಕೊಂಡಿತು. ಹುಲಿಯ ಮುದ್ರೆಯುಳ್ಳ ಈ ಹಾಳೆಯೂ ಅಂಥದೇ ಭಾಷೆಯೊಂದನ್ನು ಹೊತ್ತು ಕೈಯಿಂದ ಕೈಗೆ ಸಾಗುತ್ತಿದೆ.

ಪದಗಳ ಅರ್ಥ
ಸ್ತಂಭಾಗ್ರ - ಕಂಬದ ತುದಿಯ ಶಿಲ್ಪ. ಇಂಗಿತ - ಒಳ ಅಭಿಪ್ರಾಯ. ಖೋಟಾ - ನಕಲಿ. ಮೊಹರು - ಚಿನ್ನದ ನಾಣ್ಯ. ಧರ್ಮದರ್ಶಿ - ಇತರರ ಪರವಾಗಿ ಆಸ್ತಿಯನ್ನು ನೋಡಿಕೊಳ್ಳುವವನು. ಭಾಷೆ - ಇಲ್ಲಿ, ಕೊಟ್ಟ ಮಾತು.

ಅಭ್ಯಾಸ
1. ಒಂದು ರೂಪಾಯಿಯ ನೋಟು ಇತರ ನೋಟುಗಳಿಗಿಂತ ಹೇಗೆ ಭಿನ್ನವಾಗಿದೆ?
2. 'ಒಬ್ಬ ದೊರೆಯ ಸ್ಥಾನಕ್ಕೆ ಮತ್ತೊಬ್ಬ ವ್ಯಕ್ತಿ ಬರಲಿಲ್ಲ, ಧರ್ಮವೇ ಬಂದಿತು.' ಈ ಮಾತನ್ನು ವಿವರಿಸಿರಿ.
3. ನೋಟು ಎಲ್ಲ ಪ್ರಜೆಗಳಿಗೂ ಸೇರಿದ್ದೆಂಬುದನ್ನು ತೋರಿಸುವ ಗುರುತುಗಳು ಯಾವುವು?
4. ಬಿಡಿಸಿ, ಸಂಧಿಯನ್ನು ಹೆಸರಿಸಿರಿ: ಸ್ತಂಭಾಗ್ರ, ಮುದ್ರಣಾಲಯ, ಕೂಲಿಯಾಳು.