ರೋಗಿಗೆ ಹಣ್ಣು ತರುವ ಮುನ್ನ



ರೋಗಿಯನ್ನು ಕಾಣಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಒಂದು ಡಜನ್ ಬಾಳೆಹಣ್ಣು, ಎರಡು ಎಳನೀರು ಜೊತೆಗೆ ಇದ್ದೇ ಇರುತ್ತವೆ. ಇದು ಒಳ್ಳೆಯ ಪದ್ಧತಿ. ಆದರೆ ಒಬ್ಬ ರೋಗಿಗೆ ಅಮೃತವಾದ ಹಣ್ಣು ಪಕ್ಕದ ಹಾಸಿಗೆಯ ರೋಗಿಗೆ ಅಪಾಯ ತರಬಹುದು. ದೇಹವನ್ನು ಪ್ರಸಾದಕಾಯವೆಂದು ಕಂಡವರು ನಮ್ಮ ಶರಣರು. ಅದಕ್ಕೆ ಏನನ್ನು, ಎಷ್ಟು ಕೊಡಬೇಕೆಂಬುದನ್ನು ತಿಳಿದುಕೊಳ್ಳೋಣ.

ನಮ್ಮ ಹಣ್ಣುಗಳಲ್ಲಿ ಏನಿದೆ?

ಪೇರಲ (ಸೀಬೆ): ಬಡವರ ಸೇಬು ಎನ್ನುತ್ತಾರೆ. ಆದರೆ 'ಸಿ' ಜೀವಸತ್ವದಲ್ಲಿ ಸೇಬು ಇದರ ಹತ್ತಿರವೂ ಬರುವುದಿಲ್ಲ. 100 ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ 'ಸಿ' ಜೀವಸತ್ವವಿದೆ. ಗಾಯ ಮಾಯಲು ಇದು ಬೇಕು. ರಕ್ತಹೀನತೆ ಇರುವವರು ಊಟದ ಜೊತೆ ತಿಂದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುತ್ತದೆ.

ಪಪ್ಪಾಯಿ, ಮಾವು: ಇವುಗಳ ಹಳದಿ ಬಣ್ಣದ ಅಂಶವೇ ದೇಹದಲ್ಲಿ 'ಎ' ಜೀವಸತ್ವವಾಗಿ ಕಣ್ಣನ್ನು ಕಾಯುತ್ತದೆ. ಮಾಗಿದ ಪಪ್ಪಾಯಿ ಮಲಬದ್ಧತೆಗೂ ಒಳ್ಳೆಯದು. ಗರ್ಭಿಣಿಯರು ಪಪ್ಪಾಯಿ ಕಾಯಿಯನ್ನು ತಿನ್ನಬಾರದು.

ಬಾಳೆಹಣ್ಣು: ಬೇಗ ಶಕ್ತಿ ಕೊಡುತ್ತದೆ, ಮೆತ್ತಗಿರುತ್ತದೆ. 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಎಳನೀರಿನಲ್ಲೂ ಪೊಟ್ಯಾಸಿಯಂ ಹೇರಳ.

ಯಾರು ಎಚ್ಚರ ವಹಿಸಬೇಕು?

1. ಮೂತ್ರಪಿಂಡದ ಕಾಯಿಲೆ, ಡಯಾಲಿಸಿಸ್ ಇರುವವರು: ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಹಾಕುವ ಕೆಲಸ ಮೂತ್ರಪಿಂಡದ್ದು. ಅದು ಸೋತಾಗ ಪೊಟ್ಯಾಸಿಯಂ ರಕ್ತದಲ್ಲಿಯೇ ಉಳಿದು ಹೃದಯದ ಬಡಿತವನ್ನು ಕೆಡಿಸುತ್ತದೆ. ಮುನ್ಸೂಚನೆ ಇಲ್ಲದೆ ಹೃದಯ ನಿಲ್ಲಲೂಬಹುದು. ಆದ್ದರಿಂದ ವೈದ್ಯರು ಒಪ್ಪದ ಹೊರತು ಎಳನೀರು, ಬಾಳೆಹಣ್ಣು ಬೇಡ. ಸೇಬು, ಅನಾನಸ್‌ಗಳಲ್ಲಿ ಪೊಟ್ಯಾಸಿಯಂ ಕಡಿಮೆ. ಆದರೂ ಅಳತೆಯನ್ನು ವೈದ್ಯರಲ್ಲಿಯೇ ಕೇಳಿ. ಕಮರಾಕ್ಷಿ (ಧಾರೆಹುಳಿ) ಹಣ್ಣನ್ನಂತೂ ಇವರು ಮುಟ್ಟಲೇಬಾರದು. ಅದರಲ್ಲಿರುವ ವಿಷಾಂಶ ಮೆದುಳಿಗೆ ತಟ್ಟಿ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರಬಹುದು.

2. ಸಕ್ಕರೆ ಕಾಯಿಲೆ ಇರುವವರು: ಹಣ್ಣನ್ನು ಪೂರ್ತಿ ಬಿಡಬೇಕಿಲ್ಲ. ಪೇರಲ, ಪಪ್ಪಾಯಿಯಂಥವನ್ನು ಸಣ್ಣ ಬಟ್ಟಲಿನಷ್ಟು, ಊಟದ ಜೊತೆಗಲ್ಲದೆ ನಡುವೆ ತಿನ್ನಬಹುದು. ರಸ ಬೇಡ; ರಸ ಹಿಂಡಿದರೆ ನಾರು ಹೋಗಿ ಸಕ್ಕರೆ ಬೇಗ ಏರುತ್ತದೆ. ಆದರೆ ಸಕ್ಕರೆ ಕುಸಿದು ಬೆವರು, ನಡುಕ ಬಂದಾಗ, ರೋಗಿ ಎಚ್ಚರವಾಗಿದ್ದರೆ ಅರ್ಧ ಲೋಟ ಹಣ್ಣಿನ ರಸ ಕೊಟ್ಟು ಕೂಡಲೇ ದಾದಿಯರನ್ನು ಕರೆಯಿರಿ.

3. ಕೊಲೆಸ್ಟ್ರಾಲ್, ರಕ್ತದೊತ್ತಡದ ಮಾತ್ರೆ ನುಂಗುವವರು: ದೇವನಹಳ್ಳಿಯ ಚಕ್ಕೋತ ಹೆಸರಾದ ಹಣ್ಣು. ಆದರೆ ಚಕ್ಕೋತವು ಇಂಥ ಕೆಲವು ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಹೆಚ್ಚಿಸಬಹುದು. ತಿನ್ನುವ ಮೊದಲು ಮಾತ್ರೆಯ ಚೀಟಿ ತೋರಿಸಿ ಕೇಳಿ.

4. ಶಸ್ತ್ರಚಿಕಿತ್ಸೆಗೆ ಕಾದಿರುವವರು: "ಏನೂ ಕೊಡಬೇಡಿ" ಎಂದರೆ ಒಂದು ಗುಟುಕು ಎಳನೀರೂ ಕೊಡಬಾರದು. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಕನಿಕರದಿಂದ ಕೊಟ್ಟಿದ್ದರೂ ಮುಚ್ಚಿಡದೆ ಹೇಳಿಬಿಡಿ.

ಕೊಳ್ಳುವಾಗ, ಕೊಡುವಾಗ

ಹಣ್ಣು ಮಾಗಿಸಲು ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ. ಆದರೂ ಎಚ್ಚರವಿರಲಿ, ಹಣ್ಣನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣು ಬೇಡ. ಕೈ ತೊಳೆದು, ಕೊಡುವಾಗಲೇ ಕತ್ತರಿಸಿ.

ನೀವು ತಂದ ಹಣ್ಣು ನಿಮ್ಮ ರೋಗಿಗೆ ಒಗ್ಗದಿದ್ದರೆ ಬೇಸರ ಬೇಡ. ಪಾಳಿಯಲ್ಲಿರುವ ದಾದಿಯನ್ನು ಕೇಳಿ, ತಿನ್ನಬಹುದಾದ ಇನ್ನೊಬ್ಬರಿಗೆ ಕೊಡಿ. ಅದೂ ದಾಸೋಹವೇ.